ಟೆನ್ನೆಸೀ ವಿಸ್ಕಿ: ಇದ್ದಿಲು ಕೊಡುವುದೇನು, ಕಳೆಯುವುದೇನು?

ಶರಾವತಿ_ತೀರ

ಈ ಎಳೆಯಲ್ಲಿ ಅಮೆರಿಕದ ಟೆನ್ನೆಸೀ ವಿಸ್ಕಿಯ ರುಚಿಯ ಬಗ್ಗೆ ಮಾತ್ರ ಮಾತಾಡೋಣ. ಯಾವ ಅಂಗಡಿಯಲ್ಲಿ ಎಷ್ಟು ರೇಟು ಅನ್ನೋದು ಇಲ್ಲಿ ಬೇಡ.

ಅದರಲ್ಲಿ ಹೆಸರಾದ ಜ್ಯಾಕ್ ಡೇನಿಯಲ್ಸ್ ಗ್ಲಾಸಿಗೆ ಬಿದ್ದ ಕೂಡಲೇ "ಇದ್ದಿಲಿನ ಹೊಗೆ ಬರ್ತಿದೆ" ಅನ್ನುವವರು ಬಹಳ ಜನ. ಆ ಹೊಗೆ ನಿಜವಾಗಿ ಗ್ಲಾಸಿನಲ್ಲಿದೆಯೋ, ಲೇಬಲ್ ಮೇಲೆ ಇದ್ದಿಲು ಅಂತ ಓದಿದ್ದರಿಂದ ಮೂಗಿಗೆ ಬರುತ್ತದೋ? ಇನ್ನೊಂದು ಪ್ರಶ್ನೆ: ಮುಸುಕಿನ ಜೋಳ, ಹೊಸ ಓಕ್ ಪೀಪಾಯಿ ಎರಡೂ ಬರ್ಬನ್ ಎಂಬ ಇನ್ನೊಂದು ಅಮೆರಿಕನ್ ವಿಸ್ಕಿಯಲ್ಲೂ ಇವೆ. ಹಾಗಾದರೆ ಕಣ್ಣು ಕಟ್ಟಿ ಕೊಟ್ಟರೆ ಇದು ಟೆನ್ನೆಸೀದು ಅಂತ ಹೇಳಲು ಸಾಧ್ಯವೇ? ತಿಳಿದವರು ಲೆಕ್ಕ, ಅಳತೆ ಸಮೇತ ಬರೆಯಬೇಕು.

ಬಟ್ಟಿಪಾಠ

ಮೊದಲು ಕಾನೂನು ಮುಗಿಸೋಣ, ಅದು ಚಿಕ್ಕದು. ಟೆನ್ನೆಸೀ ರಾಜ್ಯ 2013ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ ಈ ಹೆಸರು ಹಾಕಬೇಕಾದರೆ ವಿಸ್ಕಿ ಟೆನ್ನೆಸೀಯಲ್ಲೇ ತಯಾರಾಗಬೇಕು. ಧಾನ್ಯದಲ್ಲಿ ಕನಿಷ್ಠ 51% ಮುಸುಕಿನ ಜೋಳ ಇರಬೇಕು. ಬಟ್ಟಿಯಿಂದ ಇಳಿಯುವಾಗ 80% ಆಲ್ಕೋಹಾಲ್ ಮೀರಬಾರದು, ಪೀಪಾಯಿಗೆ ಹೋಗುವಾಗ 62.5% ಮೀರಬಾರದು, ಬಾಟಲಿಯಲ್ಲಿ 40%ಕ್ಕಿಂತ ಕಡಿಮೆ ಇರಬಾರದು. ಪೀಪಾಯಿ ಒಳಮೈ ಸುಟ್ಟ ಹೊಸ ಓಕ್‌ನದ್ದೇ ಆಗಬೇಕು. ಇಷ್ಟರವರೆಗೆ ಬರ್ಬನ್ ನಿಯಮಕ್ಕೂ ಇದಕ್ಕೂ ಊರೊಂದನ್ನು ಬಿಟ್ಟರೆ ವ್ಯತ್ಯಾಸವೇ ಇಲ್ಲ. ಬೇರೆಯಾಗುವುದು ಒಂದೇ ಕಡೆ: ಪೀಪಾಯಿಗೆ ಸೇರುವ ಮುಂಚೆ ಮೇಪಲ್ ಮರದ ಇದ್ದಿಲಿನಲ್ಲಿ ಸೋಸಬೇಕು. ಇದಕ್ಕೆ ಲಿಂಕನ್ ಕೌಂಟಿ ವಿಧಾನ ಅಂತ ಹೆಸರು (ಕೌಂಟಿ ಅಂದರೆ ಅಲ್ಲಿನ ಜಿಲ್ಲೆ).

"ಇದ್ದಿಲಿನಲ್ಲಿ ಸೋಸಿದ್ದರಿಂದ ಅದು ಬರ್ಬನ್ ಆಗಲಾರದು" ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅದು ತಪ್ಪು. ಪೀಪಾಯಿಗೆ ಹಾಕುವ ಮೊದಲು ಸೋಸಬಾರದು ಅಂತ ಬರ್ಬನ್ ನಿಯಮ ಎಲ್ಲೂ ಹೇಳುವುದಿಲ್ಲ. ಟೆನ್ನೆಸೀಯ ಇನ್ನೊಂದು ಬಟ್ಟಿಯಾದ ಜಾರ್ಜ್ ಡಿಕೆಲ್‌ನವರು 2021ರಲ್ಲಿ ತಮ್ಮದೇ ಬಟ್ಟಿಯ ಎಂಟು ವರ್ಷದ ವಿಸ್ಕಿಗೆ ಬರ್ಬನ್ ಅಂತಲೇ ಲೇಬಲ್ ಹಾಕಿ ಮಾರಾಟಕ್ಕೆ ಬಿಟ್ಟರು. ಅಮೆರಿಕ ಮಾಡಿಕೊಂಡ ವ್ಯಾಪಾರ ಒಪ್ಪಂದಗಳಲ್ಲೂ ಟೆನ್ನೆಸೀ ವಿಸ್ಕಿ ಅಂದರೆ ಆ ರಾಜ್ಯದಲ್ಲಿ ಮಾತ್ರ ತಯಾರಾಗುವ ಸ್ಟ್ರೈಟ್ ಬರ್ಬನ್ ಅಂತಲೇ ಬರೆದಿದೆ.

ನ್ಯಾಶ್ವಿಲ್_ಕನ್ನಡಿಗ

ಒಂದು ಸೇರ್ಪಡೆ. ಆ ಕಾಯ್ದೆಯಲ್ಲೇ ಒಂದು ವಿನಾಯಿತಿ ಇದೆ, ಅದು ಕೆಲ್ಸೋದ ಪ್ರಿಚರ್ಡ್ಸ್ ಬಟ್ಟಿಗೆ. ಅವರು ಇದ್ದಿಲು ಬಳಸುವುದಿಲ್ಲ, ಆದರೂ ಲೇಬಲ್ ಮೇಲೆ ಟೆನ್ನೆಸೀ ವಿಸ್ಕಿ ಅಂತ ಹಾಕಬಹುದು. ಕೆಲ್ಸೋ ಇರುವುದು ಲಿಂಕನ್ ಕೌಂಟಿಯಲ್ಲೇ! ಜ್ಯಾಕ್ ಡೇನಿಯಲ್ಸ್ ಇರುವ ಲಿಂಚ್‌ಬರ್ಗ್ ಮೂರ್ ಕೌಂಟಿಗೆ ಸೇರಿದ್ದು. 1871ರಲ್ಲಿ ಮೂರ್ ಕೌಂಟಿ ಹುಟ್ಟಿದಾಗ ಲಿಂಕನ್ ಕೌಂಟಿಯ ಒಂದು ಭಾಗ ಅದಕ್ಕೆ ಹೋಯಿತು, ಹೆಸರು ಮಾತ್ರ ಹಳೆಯದೇ ಉಳಿಯಿತು. ಡಿಕೆಲ್ ಇರುವುದು ಟುಲ್ಲಹೋಮಾ ಹತ್ತಿರದ ಕ್ಯಾಸ್ಕೇಡ್ ಹಾಲೋದಲ್ಲಿ, ಅದು ಕಾಫಿ ಕೌಂಟಿ.

ಪ್ರಿಚರ್ಡ್ಸ್‌ನಲ್ಲಿ ಬಿಳಿ ಮುಸುಕಿನ ಜೋಳ, ಪಾಟ್ ಸ್ಟಿಲ್ ಎಂಬ ಹಂಡೆಯಂಥ ಬಟ್ಟಿ. ಹಾಗಾಗಿ ಅದನ್ನು ಜ್ಯಾಕ್ ಪಕ್ಕದಲ್ಲಿಟ್ಟು "ಇದ್ದಿಲು ಇಲ್ಲದ್ದು ಹೀಗಿರುತ್ತದೆ" ಅನ್ನಬೇಡಿ. ಧಾನ್ಯ, ಬಟ್ಟಿ, ಯೀಸ್ಟ್ ಎಲ್ಲವೂ ಅಲ್ಲಿ ಬೇರೆ.

ಕುಂದಾಪ್ರದವ

ಕಾನೂನು ಸರಿ ಮರಾಯ್ರೆ, ಆದ್ರೆ ಹೊಗೆ ಇರೂದು ಹೌದಲ್ಲ? ಜ್ಯಾಕ್‌ನ ಮಾಮೂಲಿ ಬಾಟಲಿ ಓಲ್ಡ್ ನಂಬರ್ 7 ಕುಡಿದ ಮೇಲೆ ಗಂಟಲಲ್ಲಿ ಸುಟ್ಟ ಕಟ್ಟಿಗೆಯ ರುಚಿ ಉಳೀತದೆ. ಹತ್ತಡಿ ಇದ್ದಿಲಿನೊಳಗೆ ಇಳಿದು ಬಂದದ್ದಕ್ಕೆ ಇದ್ದಿಲಿನ ರುಚಿ ಬಾರದೆ ಇನ್ನೆಂಥ ಬರ್ಬೇಕು?

ಬಟ್ಟಿಪಾಠ

ಈ ಪ್ರಶ್ನೆಯೇ ಎಳೆಯ ತಿರುಳು, ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಲಿಂಚ್‌ಬರ್ಗ್‌ನಲ್ಲಿ ಸಕ್ಕರೆ ಮೇಪಲ್ ಮರವನ್ನು ಎರಡಿಂಚು ದಪ್ಪದ ರೀಪುಗಳಾಗಿ ಸೀಳಿ, ಗಾಳಿಯಾಡುವಂತೆ ಅಡ್ಡಡ್ಡ ಒಟ್ಟುತ್ತಾರೆ. ಆ ಒಟ್ಟಿಲಿಗೆ ಬೆಂಕಿ ಹತ್ತಿಸಲು ಸೀಮೆಎಣ್ಣೆ, ಡೀಸೆಲ್ ಯಾವುದೂ ಇಲ್ಲ. 70% ಆಲ್ಕೋಹಾಲಿನ ಕಚ್ಚಾ ವಿಸ್ಕಿಯನ್ನೇ ಚಿಮುಕಿಸಿ ಹೊತ್ತಿಸುತ್ತಾರೆ, ಇಲ್ಲದಿದ್ದರೆ ಆ ಎಣ್ಣೆಯ ವಾಸನೆ ಇದ್ದಿಲಿಗೆ ಹತ್ತಿ ಅಲ್ಲಿಂದ ಸಾವಿರಾರು ಲೀಟರ್ ವಿಸ್ಕಿಗೆ ಇಳಿಯುತ್ತದೆ. ಬೆಂಕಿ ಉರಿಯುವುದು ಮುಚ್ಚಿದ ಗೂಡಿನಲ್ಲಲ್ಲ, ತೆರೆದ ಜಾಗದಲ್ಲಿ. ಮರದಲ್ಲಿದ್ದ ಡಾಂಬರಿನಂಥ ಅಂಶ, ಹೊಗೆಯ ಅಂಶ ಗಾಳಿಗೆ ಹಾರಿಹೋಗಬೇಕು, ಅದಕ್ಕೇ ಈ ಕ್ರಮ. ಪೂರ್ತಿ ಬೂದಿಯಾಗುವ ಮೊದಲು ನೀರು ಹೊಡೆದು ಆರಿಸಿ, ಸಣ್ಣ ಚೂರುಗಳಾಗಿ ಒಡೆದು, ದೊಡ್ಡ ತೊಟ್ಟಿಗಳಲ್ಲಿ ಹತ್ತು ಅಡಿ ಎತ್ತರಕ್ಕೆ ತುಂಬುತ್ತಾರೆ. ಮೇಲಿಂದ ಬಟ್ಟಿಯ ಬಿಳಿ ವಿಸ್ಕಿ ಹನಿ ಹನಿಯಾಗಿ ಬೀಳುತ್ತದೆ. ಕೆಳಗೆ ತಲುಪಲು ದಿನಗಳೇ ಬೇಕು.

ಹೀಗೆ ಚೆನ್ನಾಗಿ ಸುಟ್ಟ ಇದ್ದಿಲು ತನ್ನ ರುಚಿ ಕೊಡುವುದು ಕಡಿಮೆ, ಎಳೆದುಕೊಳ್ಳುವುದೇ ಹೆಚ್ಚು. ಎಳೆದುಕೊಳ್ಳುವುದು ಎಣ್ಣೆಯಂಥ ಕೊಬ್ಬಿನ ಆಮ್ಲಗಳನ್ನು, ಗಂಧಕದ ವಾಸನೆಗಳನ್ನು, ಹಸಿ ಹಿಟ್ಟಿನ ವಾಸನೆಯನ್ನು. ಟೆನ್ನೆಸೀ ವಿಶ್ವವಿದ್ಯಾಲಯದ ಆಹಾರವಿಜ್ಞಾನಿಗಳು ಸೋಸುವ ಮೊದಲಿನ ಮತ್ತು ನಂತರದ ಮಾದರಿಗಳನ್ನು ಅಳೆದಾಗಲೂ ಮಾಲ್ಟಿನ, ಕಮಟಿನ, ಜಿಡ್ಡಿನ, ಹುರಿದ ವಾಸನೆಗಳು ಇಳಿದದ್ದೇ ಕಂಡಿತು. ಕಳೆಯುವ ಕೆಲಸ ಇದು, ಕೂಡಿಸುವುದಲ್ಲ. ಇದ್ದಿಲು ದಣಿದಂತೆ ಕಳೆಯುವ ಶಕ್ತಿಯೂ ತಗ್ಗುತ್ತದೆ. ರುಚಿ ನೋಡುವವರು ಹಿಡಿದು ಹೇಳಿದಾಗ ತೊಟ್ಟಿಯ ಇದ್ದಿಲು ಬದಲಿಸುತ್ತಾರೆ.

ರಸಾಯನಿಕ

ಕುಂದಾಪ್ರದವರೇ, ನಿಮ್ಮ ನಾಲಿಗೆ ತಪ್ಪಿಲ್ಲ, ನೀವು ಹೇಳಿದ ಕಾರಣ ಮಾತ್ರ ತಪ್ಪು. ಸುಟ್ಟ ಕಟ್ಟಿಗೆಯ ರುಚಿ ಇದೆ, ಅದು ಬಂದದ್ದು ಪೀಪಾಯಿಯಿಂದ. ಓಕ್ ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಕರಿ ಹಿಡಿಸುತ್ತಾರಲ್ಲ, ಆಗ ಮರದ ಲಿಗ್ನಿನ್ ಒಡೆದು ಒಂದು ಕಡೆ ವ್ಯಾನಿಲಿನ್, ಇನ್ನೊಂದು ಕಡೆ ಗ್ವಾಯಕಾಲ್ ಎಂಬ ಹೊಗೆ ವಾಸನೆಯ ವಸ್ತು ಹುಟ್ಟುತ್ತವೆ. ಕರಿಯ ಹಿಂದೆ ಮರ ಕೆಂಪಾಗಿ ಬೆಂದ ಒಂದು ಪದರ ಇರುತ್ತದೆ. ಮರದೊಳಗಿನ ಸಕ್ಕರೆಗಳು ಅಲ್ಲಿ ಕ್ಯಾರಮೆಲ್ ಆಗಿರುತ್ತವೆ, ಬಣ್ಣವೂ ಬೆಲ್ಲದ ರುಚಿಯೂ ಬರುವುದು ಅಲ್ಲಿಂದ. ಅಮೆರಿಕದ ಬಿಳಿ ಓಕ್‌ನ ಲ್ಯಾಕ್ಟೋನ್ ಕೊಬ್ಬರಿ ವಾಸನೆ ಕೊಡುತ್ತದೆ, ಯೂಜಿನಾಲ್ ಲವಂಗದ್ದು. ಇವೆಲ್ಲ ಬರ್ಬನ್‌ನಲ್ಲೂ ಅಷ್ಟೇ ಇವೆ.

ಇದ್ದಿಲು ಕಳೆಯುತ್ತದೆ ಎಂಬುದನ್ನು ಮನೆಯಲ್ಲೇ ಮೂಗಿಗೆ ತೋರಿಸಬಹುದು. 50 ಮಿಲಿ ವಿಸ್ಕಿಗೆ ನೀರಿನ ಫಿಲ್ಟರಿನಲ್ಲಿ ಬಳಸುವ ತೆಂಗಿನ ಚಿಪ್ಪಿನ ಆ್ಯಕ್ಟಿವೇಟೆಡ್ ಕಾರ್ಬನ್ 2 ಗ್ರಾಂ ಹಾಕಿ, ಮುಚ್ಚಳ ಬಿಗಿದು ಒಂದು ದಿನ ಇಡಿ. ಮಧ್ಯೆ ಮೂರ್ನಾಲ್ಕು ಸಲ ಅಲ್ಲಾಡಿಸಿ. ಕಾಫಿ ಫಿಲ್ಟರ್ ಕಾಗದದಲ್ಲಿ ಎರಡು ಸಲ ಸೋಸಿ, ಸೋಸದ್ದರ ಪಕ್ಕ ಇಡಿ. ಬಣ್ಣ ತೆಳುವಾಗಿರುತ್ತದೆ, ವ್ಯಾನಿಲಾ ಕುಗ್ಗಿರುತ್ತದೆ, ಹೊಗೆ ಒಂದಿಷ್ಟೂ ಹೆಚ್ಚಿರುವುದಿಲ್ಲ. ಮೂಸಿ ನೋಡಿದರೆ ಸಾಕು, ಕುಡಿಯಬೇಕಿಲ್ಲ. ಬಾರ್ಬಿಕ್ಯೂ ಇದ್ದಿಲಿನ ಉಂಡೆ ಮಾತ್ರ ಬಳಸಬೇಡಿ. ಅದರಲ್ಲಿ ಅಂಟಿಸುವ ಗಂಜಿ ಇರುತ್ತದೆ, ಕೆಲವದರಲ್ಲಿ ಬೇಗ ಹೊತ್ತಲಿ ಎಂದು ಎಣ್ಣೆಯೂ ಇರುತ್ತದೆ. ದ್ರವ ಕಲಕಾಗಿ ಕೆಟ್ಟ ವಾಸನೆ ಹಿಡಿದರೆ ಕಾರಣ ಅದೇ.

ಲಿಂಕನ್ ಕೌಂಟಿ ವಿಧಾನ ಪೀಪಾಯಿಗೆ ಮುಂಚೆ ಯಾಕೆ ಎಂಬುದೂ ಇದರಿಂದ ತಿಳಿಯುತ್ತದೆ. ನಂತರ ಸೋಸಿದರೆ ಪೀಪಾಯಿ ವರ್ಷಗಟ್ಟಲೆ ಕೊಟ್ಟದ್ದನ್ನೂ ಇದ್ದಿಲು ಎಳೆದುಕೊಳ್ಳುತ್ತದೆ.

ಶರಾವತಿ_ತೀರ

ಹಾಗಾದರೆ ಜ್ಯಾಕ್ ಡೇನಿಯಲ್ಸ್‌ನವರದೇ ಜೆಂಟಲ್‌ಮನ್ ಜ್ಯಾಕ್? ಅದನ್ನು ಎರಡು ಸಲ ಸೋಸುತ್ತಾರಲ್ಲ?

ರಸಾಯನಿಕ

ಹೌದು. ಎರಡನೇ ಸಲ ಸೋಸುವುದು ಪೀಪಾಯಿಯಿಂದ ಹೊರಬಂದ ಮೇಲೆ. ಅದರ ನುಣುಪಿಗೂ ಅದೇ ಕಾರಣ, ಅದರ ತೆಳುವಿಗೂ ಅದೇ ಕಾರಣ. ಓಲ್ಡ್ ನಂಬರ್ 7 ಪಕ್ಕ ಇಟ್ಟು ನೋಡಿ: ಓಕ್‌ನ ಒಗರು ಇಳಿದಿರುತ್ತದೆ, ಬಾಯಲ್ಲಿ ಉಳಿಯುವ ಹೊತ್ತೂ ಇಳಿದಿರುತ್ತದೆ. ಇದ್ದಿಲು ಏನು ಮಾಡುತ್ತದೆ ಎಂದು ಎರಡು ಬಾಟಲಿಯಲ್ಲಿ ಕಲಿಯಬೇಕೆಂದರೆ ಇದಕ್ಕಿಂತ ಒಳ್ಳೆಯ ಜೋಡಿ ನಮ್ಮಲ್ಲಿ ಸಿಗುವುದಿಲ್ಲ.

ಧಾರವಾಡಪೇಢೆ

ಎಲ್ಲಾರೂ ಇದ್ದಿಲಿನ ಹಿಂದ ಬಿದ್ದೀರಿ, ಬಾಳೆಹಣ್ಣಿನ ಮಾತು ಯಾರೂ ಎತ್ತಲಿಲ್ಲ. ಜ್ಯಾಕ್ ಡೇನಿಯಲ್ಸ್‌ನ ಖರೇ ಗುರುತು ಅಂದ್ರ ಅದರೀ. ಕಪ್ಪು ಚುಕ್ಕಿ ಬಿದ್ದ ಪಚ್ಚಬಾಳೆ ಸಿಪ್ಪೆ ಸುಲಿದಾಗ ಬರ್ತದಲ್ಲ, ಅದೇ ವಾಸನಿ. ಯೀಸ್ಟ್ ಮಾಡೂ ಐಸೊಅಮೈಲ್ ಅಸಿಟೇಟ್ ಅದು, ಹಣ್ಣಿನಾಗೂ ಅದೇ ವಸ್ತು ಇರ್ತದ. ಕಣ್ಣು ಕಟ್ಟಿ ಕೊಟ್ಟರೂ ಜ್ಯಾಕ್ ಹಿಡಿಯೂದು ಈ ಬಾಳೆಯಿಂದ, ಇದ್ದಿಲಿನಿಂದ ಅಲ್ಲ.

ನೋಟ್ ಬರಿಯೂವಾಗ ನಮ್ಮ ಅಡಿಗಿಮನಿ ಹೆಸರೇ ಬಳಸ್ರಿ. "ಬಟರ್‌ಸ್ಕಾಚ್, ಗ್ರಹಾಮ್ ಕ್ರ್ಯಾಕರ್" ಅಂತ ಬೇರೆಯವರ ಪಟ್ಟಿ ನಕಲು ಮಾಡಿದ್ರ ನಾಳೆ ಓದಿದಾಗ ನಿಮಗೇ ಏನೂ ನೆನಪಾಗೂದಿಲ್ಲ. ಓಲ್ಡ್ ನಂಬರ್ 7ಕ್ಕ ನಾ ಹೇಳೂದು: ಮೂಗಿಗೆ ಬಾಳೆಹಣ್ಣಿನ ರಸಾಯನ, ಬೇಯಿಸಿದ ಗೊಂಜಾಳ ತೆನಿ, ಹಿಂದ ಸ್ವಲ್ಪ ಜ್ಯೇಷ್ಠಮಧು. ಬಾಯಾಗ ಜೋನಿ ಬೆಲ್ಲ, ಆಮ್ಯಾಲೆ ತಳ ಹಿಡಿದ ಸಕ್ಕರಿ ಪಾಕದ ಕಹಿ. ಕುಂದಾಪ್ರದವರು ಹೊಗಿ ಅಂದಿದ್ದು ಈ ಕಡೀ ಕಹಿನೇ ಇರಬೇಕು.

ನ್ಯಾಶ್ವಿಲ್_ಕನ್ನಡಿಗ

ಮೇಡಂ ಹೇಳಿದ ಬಾಳೆಹಣ್ಣು ಡಿಕೆಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದಕ್ಕೇ "ಟೆನ್ನೆಸೀ ರುಚಿ" ಅಂತ ಒಂದೇ ಹೆಸರಿಡುವುದು ತಪ್ಪು. ಜ್ಯಾಕ್‌ನ ಧಾನ್ಯ 80% ಮುಸುಕಿನ ಜೋಳ, 12% ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ), 8% ರೈ ಎಂಬ ಗೋಧಿಯಂಥ ಧಾನ್ಯ. ಡಿಕೆಲ್‌ನದು 84% ಮುಸುಕಿನ ಜೋಳ, 8% ರೈ, 8% ಮಾಲ್ಟ್. ನೋಡಲು ಹತ್ತಿರ, ಆದರೆ ಯೀಸ್ಟ್ ಬೇರೆ. ಇದ್ದಿಲಿಗೆ ಬಿಡುವ ರೀತಿಯೂ ಬೇರೆ: ಡಿಕೆಲ್‌ನವರು ಕಚ್ಚಾ ವಿಸ್ಕಿಯನ್ನು ಫ್ರಿಜ್ಜಿನ ತಂಪಿಗೆ ಇಳಿಸಿ ಆಮೇಲೆ ಇದ್ದಿಲಿಗೆ ಬಿಡುತ್ತಾರೆ. ತಂಪಿನಲ್ಲಿ ಕೊಬ್ಬಿನ ಅಂಶ ಗಟ್ಟಿಯಾಗುತ್ತದೆ, ಇದ್ದಿಲಿಗೆ ಸುಲಭವಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ತುಪ್ಪ ಹೆಪ್ಪುಗಟ್ಟಿದ ಮೇಲೆ ಸೋಸಿದ ಹಾಗೆ.

ಡಿಕೆಲ್ ಗುರುತು: ಕಡಲೆಬೀಜದ ಚಿಕ್ಕಿ, ಚೆರ್ರಿ, ಮತ್ತು ಮಕ್ಕಳು ಚೀಪುವ ವಿಟಮಿನ್ ಮಾತ್ರೆಯಂಥ ಒಂದು ಖನಿಜದ ರುಚಿ. ಈ ಮಾತ್ರೆಯ ರುಚಿ ಕೆಲವರಿಗೆ ಬಾಟಲಿ ಕೆಟ್ಟಿದೆ ಅನ್ನಿಸುತ್ತದೆ, ಕೆಟ್ಟಿರುವುದಿಲ್ಲ. ನ್ಯಾಶ್ವಿಲ್‌ನ ನೆಲ್ಸನ್ಸ್ ಗ್ರೀನ್ ಬ್ರಯರ್‌ನಲ್ಲಿ ರೈ ಜಾಗದಲ್ಲಿ ಗೋಧಿ ಹಾಕುತ್ತಾರೆ, ಅದು ಇನ್ನೂ ಮೆದು.

ಲಿಂಚ್‌ಬರ್ಗ್ ಹೆಸರು ಬಂದ ಮೇಲೆ ನಿಯರೆಸ್ಟ್ ಗ್ರೀನ್ ಹೆಸರು ಹೇಳದೆ ಮುಂದೆ ಹೋಗಬಾರದು. ಗುಲಾಮಗಿರಿಯಲ್ಲಿದ್ದ ಆ ಕಪ್ಪು ಬಟ್ಟಿಗಾರನೇ ಹುಡುಗ ಜ್ಯಾಕ್ ಡೇನಿಯಲ್‌ಗೆ ಬಟ್ಟಿ ಇಳಿಸುವುದನ್ನು ಕಲಿಸಿದವನು. ಗುಲಾಮಗಿರಿ ಮುಗಿದ ಮೇಲೆ ಜ್ಯಾಕ್ ಡೇನಿಯಲ್ಸ್‌ನ ಮೊದಲ ಮಾಸ್ಟರ್ ಡಿಸ್ಟಿಲರ್ ಆದವನೂ ಅವನೇ. ನೂರಕ್ಕೂ ಹೆಚ್ಚು ವರ್ಷದ ಲೇಬಲ್ ಕಥೆಗಳಲ್ಲಿ ಅವನಿಗೆ ಜಾಗವೇ ಇರಲಿಲ್ಲ. ಅವನ ಹೆಸರಿನ ಬ್ರ್ಯಾಂಡ್ ಬಂದದ್ದು 2017ರಲ್ಲಿ.

ಕುಂದಾಪ್ರದವ

ಒಪ್ಪಿದೆ, ಹೊಗೆ ಪೀಪಾಯಿದು. ಇನ್ನೊಂದು ಕೇಳ್ತೆ: ಲೇಬಲ್ ಮೇಲೆ "ಸೋರ್ ಮ್ಯಾಶ್" ಅಂತ ಇರ್ತದೆ. ಹುಳಿ ರುಚಿ ಎಲ್ಲಿಯೂ ಸಿಗೂದಿಲ್ಲ.

ಬಟ್ಟಿಪಾಠ

ಸಿಗಲೂಬಾರದು. ಹಿಂದಿನ ಬಟ್ಟಿಯಲ್ಲಿ ಆಲ್ಕೋಹಾಲ್ ತೆಗೆದ ಮೇಲೆ ಉಳಿಯುವ ಹುಳಿ ನೀರನ್ನು ಹೊಸ ಮ್ಯಾಶ್‌ಗೆ, ಅಂದರೆ ಹುದುಗಲು ಇಡುವ ಧಾನ್ಯದ ಗಂಜಿಗೆ, ಒಂದಿಷ್ಟು ಸೇರಿಸುತ್ತಾರೆ. ಹುಳಿ ಇದ್ದಾಗ ಬೇಡದ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ, ಯೀಸ್ಟ್‌ಗೆ ಹಿತ, ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ರುಚಿ ಬದಲಾಗುವುದಿಲ್ಲ. ಹುಳಿಯ ಅಂಶ ಬಟ್ಟಿಯಲ್ಲೇ ಹಿಂದುಳಿಯುತ್ತದೆ. ಹೆಚ್ಚಿನ ಬರ್ಬನ್‌ಗಳೂ ಹೀಗೇ ಮಾಡುತ್ತವೆ, ಟೆನ್ನೆಸೀಯ ವಿಶೇಷ ಅಲ್ಲ.

ಲೇಬಲ್ ಓದುವಾಗ ಇನ್ನೆರಡು ಗಮನಿಸಿ. ಟೆನ್ನೆಸೀ ಹನಿ ಎಂಬುದು 35% ಆಲ್ಕೋಹಾಲಿನ ಸಿಹಿ ಲಿಕರ್, ಈ ಚರ್ಚೆಗೆ ಬರುವುದಿಲ್ಲ. ಜ್ಯಾಕ್‌ನ ಟೆನ್ನೆಸೀ ರೈಯಲ್ಲಿ 70% ರೈ, 18% ಮಾತ್ರ ಮುಸುಕಿನ ಜೋಳ. ಇದ್ದಿಲಿನಲ್ಲಿ ಸೋಸಿದ್ದೇ, ಟೆನ್ನೆಸೀಯದ್ದೇ, ಆದರೂ ಕಾಯ್ದೆಯ ಅರ್ಥದಲ್ಲಿ ಅದು ಟೆನ್ನೆಸೀ ವಿಸ್ಕಿ ಅಲ್ಲ, ರೈ ವಿಸ್ಕಿ.

ಶರಾವತಿ_ತೀರ

ನಾಲ್ಕು ಜನ ಕೂತು ರುಚಿ ನೋಡುವ ಕ್ರಮ ಹೇಳಿ. ಏನೇನು ಇಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ? ನೀರು ಎಷ್ಟು?

ಧಾರವಾಡಪೇಢೆ

ಒಂದು ಗ್ಲಾಸಿಗೆ 15 ಮಿಲಿ ಸಾಕು. ನಾಲ್ಕು ಗ್ಲಾಸ್ ಕೂಡಿ 60, ಅಂದ್ರ ಒಂದು ಲಾರ್ಜ್. ಅದಕ್ಕಿಂತ ಹೆಚ್ಚಾದ್ರ ಮೂರನೇ ಗ್ಲಾಸಿಗೆ ಮೂಗು ಮಂಕಾಗ್ತದ.

ಕೆಳಗ ಅಗಲ, ಮ್ಯಾಲೆ ಸಣ್ಣ ಬಾಯಿ ಇರೂ ಗ್ಲಾಸ್ ತಗೋರಿ. ಅಗಲ ಬಾಯಿಯ ಗ್ಲಾಸಿನಾಗ ಬಾಳೆ ವಾಸನಿ ಹಾರಿಹೋಗಿ ಸ್ಪಿರಿಟ್ ವಾಸನಿ ಅಷ್ಟೇ ಉಳೀತದ. ಪಾತ್ರಿ ಸೋಪಿನ ನಿಂಬಿ ವಾಸನಿ ಗ್ಲಾಸಿಗೆ ಹತ್ತಿರ್ತದ, ಬರೀ ಬಿಸಿ ನೀರಿನಾಗ ತೊಳೆದು ಬೋರಲು ಹಾಕದ ನೆಟ್ಟಗ ಒಣಗಿಸ್ರಿ. ಬೋರಲು ಹಾಕಿದ್ರ ಟೇಬಲ್ ಬಟ್ಟಿ ವಾಸನಿ ಒಳಗ ಕೂಡ್ತದ.

ಎಲ್ಲಾ ಗ್ಲಾಸನ್ನೂ ಒಂದೇ ಬಲಕ್ಕ, 40% ಆಲ್ಕೋಹಾಲಿಗೆ ತರ್ರಿ, ಇಲ್ಲಾಂದ್ರ ನೀವು ಹೋಲಿಸೂದು ಆಲ್ಕೋಹಾಲ್ ಅಷ್ಟೇ. ಲೆಕ್ಕ ಇಷ್ಟು: ಬಾಟಲಿ ಮ್ಯಾಲಿನ ಶೇಕಡಾ ಅಂಕಿ 40ರಿಂದ ಭಾಗಿಸಿ, ಒಂದು ಕಳೆದು, 15ರಿಂದ ಗುಣಿಸ್ರಿ. ಸಿಂಗಲ್ ಬ್ಯಾರೆಲ್ (ಒಂದೇ ಪೀಪಾಯಿಯಿಂದ ತುಂಬಿದ್ದು) 47% ಇದ್ರ 2.6 ಮಿಲಿ ನೀರು. ಲೇಬಲ್ ಮ್ಯಾಲೆ ಬಾಂಡೆಡ್ ಅಂತಿದ್ದು 50% ಇದ್ರ 3.75. ನಮ್ಮ ದೇಶದ ಬಾಟಲಿ ಮ್ಯಾಲೆ 42.8% ಅಂತಿದ್ರ ಒಂದು ಮಿಲಿ. ಔಷಧ ಅಂಗಡಿಯ 5 ಮಿಲಿ ಸಿರಿಂಜು, ಸೂಜಿ ಇಲ್ಲದ್ದು, ಇದಕ್ಕ ಭಾಳ ಛಲೋ. ನೀರು ಹಾಕಿ ಐದು ನಿಮಿಷ ಮುಚ್ಚಿಡ್ರಿ.

ಬೋರ್ ನೀರು ಬ್ಯಾಡ, ಸುಣ್ಣದ ರುಚಿ ಬರ್ತದ. ನಳದ ನೀರಿನಾಗ ಕ್ಲೋರಿನ್ ಇರ್ತದ. ಸಾದಾ ಆರ್.ಓ. ನೀರು ಸಾಕು. ತಿನ್ನಾಕ ಉಪ್ಪಿಲ್ಲದ ಚುರಮುರಿ. ಖಾರದ ಶೇಂಗಾ, ಮಿರ್ಚಿ ಭಜಿ ಆಮ್ಯಾಲೆ ತಿನ್ರಿ. ಖಾರ ಬಿದ್ದ ನಾಲಿಗಿಗೆ ಎಲ್ಲಾ ವಿಸ್ಕಿನೂ ಸುಡ್ತದ.

ಮೂಸೂವಾಗ ಬಾಯಿ ಸ್ವಲ್ಪ ತಕ್ಕೊಂಡಿರ್ರಿ, ಗ್ಲಾಸ್ ಗದ್ದಕ್ಕ ಹಿಡಿದು ನಿಧಾನ ಮ್ಯಾಲೆ ತರ್ರಿ. ಬಾಳೆಹಣ್ಣು ಮೊದಲ ಅರ್ಧ ನಿಮಿಷದಾಗ ಸಿಗ್ತದ. ಓಕ್, ಲವಂಗ ತಡಾ ಮಾಡಿ ಬರ್ತಾವ.

ರಸಾಯನಿಕ

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುವೆ: ಕೋಣೆಯ ಶಾಖ. 20ರಿಂದ 24 ಡಿಗ್ರಿ ಒಳ್ಳೆಯದು. ಮಂಗಳೂರಿನ ಏಪ್ರಿಲ್‌ನಲ್ಲಿ 32 ಡಿಗ್ರಿ ಇದ್ದರೆ ಆಲ್ಕೋಹಾಲ್ ಆವಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಐಸ್ ಹಾಕಬೇಡಿ, ಗ್ಲಾಸನ್ನು ತಣ್ಣೀರಿನ ಬಟ್ಟಲಲ್ಲಿ ಎರಡು ನಿಮಿಷ ನಿಲ್ಲಿಸಿ ತೆಗೆಯಿರಿ.

ನಿಮ್ಮ ನಾಲಿಗೆ ನಿಜವಾಗಿ ವ್ಯತ್ಯಾಸ ಹಿಡಿಯುತ್ತಿದೆಯೇ ಎಂದು ತಿಳಿಯಲು ಮೂರು ಗ್ಲಾಸಿನ ಪರೀಕ್ಷೆ ಮಾಡಿ. ಎರಡರಲ್ಲಿ ಒಂದೇ ವಿಸ್ಕಿ, ಒಂದರಲ್ಲಿ ಬೇರೆ, ಬಣ್ಣ ಕಾಣದಂತೆ ಗ್ಲಾಸಿಗೆ ಕಾಗದ ಸುತ್ತಿ. ಯಾವುದು ಬೇರೆ ಎಂದು ಹೇಳಬೇಕು. ಊಹೆಯಲ್ಲೇ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದೆರಡು ಸಲ ಸರಿ ಹೇಳಿದ್ದಕ್ಕೆ ಬೆಲೆ ಇಲ್ಲ. ಆರರಲ್ಲಿ ಐದು, ಅಥವಾ ಹತ್ತರಲ್ಲಿ ಏಳು ಸರಿಯಾದರೆ ನಂಬಬಹುದು. ಬರೀ ಊಹೆಯಿಂದ ಅಷ್ಟು ಸರಿಯಾಗುವ ಸಾಧ್ಯತೆ ಎರಡೂ ಕಡೆ ಸುಮಾರು 2% ಮಾತ್ರ. ಒಬ್ಬರೇ ಒಂದೇ ದಿನ ಆರು ಸುತ್ತು ಮಾಡಬೇಡಿ. ಎರಡೆರಡಾಗಿ ಮೂರು ದಿನಕ್ಕೆ ಹಂಚಿ, ಒಂದು ಗ್ಲಾಸಿಗೆ 5 ಮಿಲಿಯಂತೆ, ಉಗುಳುವ ಪಾತ್ರೆ ಪಕ್ಕದಲ್ಲಿಟ್ಟುಕೊಂಡು.

ನ್ಯಾಶ್ವಿಲ್_ಕನ್ನಡಿಗ

ಸಿಂಗಲ್ ಬ್ಯಾರೆಲ್ ಬಗ್ಗೆ ಒಂದು ಮಾತು. ಜ್ಯಾಕ್‌ನವರ ಗೋದಾಮುಗಳು ಹಲವು ಅಂತಸ್ತಿನವು, ಮೇಲಿನ ಅಂತಸ್ತು ಬೇಸಿಗೆಯಲ್ಲಿ ಕಾದ ಹೆಂಚಿನಂತೆ. ಅಲ್ಲಿ ಪೀಪಾಯಿಯಿಂದ ಆಲ್ಕೋಹಾಲಿಗಿಂತ ನೀರು ಹೆಚ್ಚು ಆರುತ್ತದೆ, ಬಲ ಏರುತ್ತದೆ. 62.5%ಕ್ಕೆ ಒಳಹೋದದ್ದು 2021ರಲ್ಲಿ ಅವರು ಬಿಟ್ಟ ಕಾಯ್ ಹಿಲ್ ಎಂಬ ಸಿಂಗಲ್ ಬ್ಯಾರೆಲ್ ಬಾಟಲಿಗಳಲ್ಲಿ 68% ಮೀರಿ ಹೊರಬಂತು. ಆದ್ದರಿಂದ ಒಂದು ಸಿಂಗಲ್ ಬ್ಯಾರೆಲ್ ಬಾಟಲಿ ಕುಡಿದು ಎಲ್ಲ ಸಿಂಗಲ್ ಬ್ಯಾರೆಲ್ ಹೀಗೇ ಅನ್ನಲಾಗದು. ನೋಟ್‌ನಲ್ಲಿ ಪೀಪಾಯಿ ಸಂಖ್ಯೆ ಬರೆದಿಡಿ, ಲೇಬಲ್ ಮೇಲೇ ಇರುತ್ತದೆ.

ಬಟ್ಟಿಪಾಠ

ಆ ಪೀಪಾಯಿಗಳ ಮುಂದಿನ ಬದುಕು ನಮಗೂ ಸಂಬಂಧಿಸಿದ್ದು. ಟೆನ್ನೆಸೀ ವಿಸ್ಕಿಗೂ ಬರ್ಬನ್‌ಗೂ ಪ್ರತಿ ಸಲ ಹೊಸ ಓಕ್ ಬೇಕು, ಹಾಗಾಗಿ ಒಮ್ಮೆ ಬಳಸಿದ ಪೀಪಾಯಿಗಳನ್ನು ಮಾರುತ್ತಾರೆ. ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಬೆಳೆಯುವುದೂ ಹೆಚ್ಚಾಗಿ ಇಂಥ ಬರ್ಬನ್ ಪೀಪಾಯಿಗಳಲ್ಲೇ. ಅಮೃತ್‌ನಲ್ಲಿ ವ್ಯಾನಿಲಾ, ಕೊಬ್ಬರಿ ಹಿಡಿದವರಿಗೆ ಅಮೆರಿಕದ ಓಕ್ ಆಗಲೇ ಪರಿಚಯ ಆಗಿದೆ. ಹೊಸ ಪೀಪಾಯಿಯಲ್ಲಿ ಅದೇ ರುಚಿ ಎಷ್ಟು ಜೋರು ಎಂದು ಜ್ಯಾಕ್‌ನಲ್ಲಿ ನೋಡಬಹುದು.

ಶರಾವತಿ_ತೀರ

ಎಲ್ಲರಿಗೂ ಧನ್ಯವಾದ. ಶನಿವಾರಕ್ಕೆ ನಾಲ್ಕು ಗ್ಲಾಸ್ ಹೀಗೆ ಜೋಡಿಸುತ್ತಿದ್ದೇವೆ: ಮೊದಲು ಟೆನ್ನೆಸೀ ರೈ, ಆಮೇಲೆ ಓಲ್ಡ್ ನಂಬರ್ 7, ಜೆಂಟಲ್‌ಮನ್ ಜ್ಯಾಕ್, ಕೊನೆಗೆ ಹೋಲಿಕೆಗೆ ಜಿಮ್ ಬೀಮ್ ವೈಟ್ ಬರ್ಬನ್. ಸರಿಯೇ?

ಧಾರವಾಡಪೇಢೆ

ರೈ ಮೊದಲು ಇಡಬ್ಯಾಡ್ರಿ. ಅದರ ಮೆಣಸಿನ ಖಾರ ನಾಲಿಗಿ ಮ್ಯಾಲೆ ಕೂತ್ರ ಮುಂದಿನ ಗ್ಲಾಸಿನ ಗೊಂಜಾಳದ ಸಿಹಿ ತಿಳಿಯೂದಿಲ್ಲ. ಜೆಂಟಲ್‌ಮನ್ ಜ್ಯಾಕ್, ಓಲ್ಡ್ ನಂಬರ್ 7, ಜಿಮ್ ಬೀಮ್, ಕಡೀಕ ರೈ. ಮೊದಲ ಎರಡು ಮುಗಿಸಿ ಹತ್ತು ನಿಮಿಷ ಬಿಟ್ಟು ತಿರುಗಿ ಮೊದಲನೇದಕ್ಕ ಬರ್ರಿ. ಬಾಳೆಹಣ್ಣು ಯಾವ ಗ್ಲಾಸಿನಾಗ ಜಾಸ್ತಿ ಉಳಿದಿತ್ತು ಅಂತ ನಾಲ್ಕೂ ಮಂದಿ ಬ್ಯಾರೆ ಬ್ಯಾರೆ ಚೀಟಿ ಮ್ಯಾಲೆ ಬರೆದು, ಆಮ್ಯಾಲೆ ಬಾಯಿ ಬಿಡ್ರಿ.